ಕೇಳಿದವಳೇ ಹೇಳಬಾರದು

ಆ ಹಾಡು ಶುರುವಾದರೆ ಸಾಕು, ಚಿಕ್ಕಗೌರಮ್ಮ ಎದ್ದು ಹೊರಟುಬಿಡುತ್ತಾಳೆ. ಕಳೆದ ವರ್ಷದಿಂದ ತಿಪಟೂರು ಸೀಮೆಯಲ್ಲಿ ಅದಿಲ್ಲದೆ ಒಂದು ಮದುವೆ ನಡೆದಿಲ್ಲ, ಒಂದು ನಾಮಕರಣ ಮುಗಿದಿಲ್ಲ. ಆಟೋದವರು ಹಾಕುತ್ತಾರೆ, ಕೊಬ್ಬರಿ ಲಾರಿಯವರು ಹಾಕುತ್ತಾರೆ, ಸ್ಕೂಲ್ ಡೇ ದಿನ ಮೇಷ್ಟ್ರುಗಳೇ ನಿಂತು ಮಕ್ಕಳನ್ನು ಕುಣಿಸುತ್ತಾರೆ. ಸಿನಿಮಾದ ಹಾಡು. ಮಹಡಿಯ ಮೇಲೆ ಫೋನು ಹಿಡಿದು ನಿಂತ ಹುಡುಗಿಯನ್ನು ಕೆಳಗೆ ಬೈಕಿನ ಮೇಲೆ ಕೂತ ಹುಡುಗ ಕೇಳುತ್ತಾನೆ:

ಟೆರೇಸು ಮೇಲಿರೋಳೇ, ಫೋನಲ್ಲೇ ಇರೋಳೇ,
ಯಾರನ್ನ ಕರಿತೀಯೇ?

ಹುಡುಗಿ ಏನೂ ಹೇಳುವುದಿಲ್ಲ. ಅವಳು ಹೇಳಬೇಕಾದ ಜಾಗದಲ್ಲಿ ಡೋಲಿನ ನಾಲ್ಕು ಏಟು ಬೀಳುತ್ತವೆ. ಆ ನಾಲ್ಕು ಏಟಿಗೇ ಜನ ಮರುಳಾಗಿರುವುದು. ಕಲ್ಯಾಣ ಮಂಟಪದ ಚಪ್ಪರ ಹಾರಿಹೋಗುವಂತೆ ನಾಲ್ಕು ಹೆಜ್ಜೆ ಕುಟ್ಟುತ್ತಾರೆ.

ತುರುವೇಕೆರೆಯ ಒಂದು ಮದುವೆಯಲ್ಲಿ ಗೌರಮ್ಮ ಎದ್ದಿದ್ದು ಊಟದ ಎಲೆಯ ಮುಂದಿನಿಂದ. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದಿತ್ತು, ಒಂದು ತುತ್ತು ಮುರಿದಿದ್ದಳು, ಹಾಡು ಶುರುವಾಯಿತು. ಅರವತ್ತನಾಲ್ಕು ವರ್ಷದ ಹೆಂಗಸು ಎಂಜಲು ಕೈಯಲ್ಲಿ ಸೀದಾ ಹೊರಗೆ ಹೋದಳು. ಅವಳ ಹಿಂದೆಯೇ ಮಗಳ ಮಗಳು ಭವ್ಯಶ್ರೀ ಓಡಿದಳು. ತಿಪಟೂರಿನಲ್ಲಿ ಡಿಗ್ರಿ ಓದುತ್ತಿರುವ ಹುಡುಗಿ.

"ಅಜ್ಜಿ, ಎಲೆ ಮುಂದಿಂದ ಎದ್ದು ಬಂದ್ಯಲ್ಲ! ಯಾರಾದ್ರೂ ಏನಾದ್ರೂ ಅಂದ್ರಾ?"

"ಅರ್ಧ ಹಾಡು ಕೇಳ್ಕಂಡು ಯಾರು ಕೂತು ಉಣ್ತಾರೆ?" ಎಂದಳು ಗೌರಮ್ಮ, ನಲ್ಲಿ ತಿರುಗಿಸುತ್ತ.

ಈ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಅಜ್ಜಿಗೆ ಅರಳುಮರಳು ಎಂದು ಬಿಟ್ಟುಬಿಡುತ್ತಿದ್ದರು. ಭವ್ಯಶ್ರೀ ಬಿಡುವ ಆಸಾಮಿಯಲ್ಲ. ಅವಳಿಗೊಂದು ಹುಚ್ಚು: ಹೆಸರಾದ ಹಾಡುಗಳ ಮೂಲ ಹುಡುಕಿ ಒಂದೊಂದು ನಿಮಿಷದ ವಿಡಿಯೋ ಮಾಡಿ ಮೊಬೈಲಿನಲ್ಲಿ ಹಾಕುವುದು. ಎಲ್ಲರೂ ಹೊಸದೆಂದು ಕುಣಿಯುವುದು ಯಾರದೋ ಅಜ್ಜನ ಕಾಲದ್ದು, ಎಲ್ಲರೂ ಪ್ರೇಮಗೀತೆ ಎಂದುಕೊಂಡಿದ್ದು ಯಾವುದೋ ಎತ್ತಿಗೆ ಹಾಡಿದ್ದು, ಹೀಗೆ. ಈ ಹಾಡಿನ ಮೇಲೂ ಅವಳು ಕಣ್ಣಿಟ್ಟಿದ್ದಳು. ಸಿನಿಮಾದವರು ಬರೆದವರ ಹೆಸರಿನ ಜಾಗದಲ್ಲಿ 'ಜಾನಪದ' ಎಂದು ಹಾಕಿ ಕೈತೊಳೆದುಕೊಂಡಿದ್ದರು. ಜಾನಪದ ಎಂದರೆ ಹೆಸರು ಕೇಳುವಷ್ಟು ಪುರುಸೊತ್ತಿಲ್ಲದವರು ಇಟ್ಟ ಹೆಸರು.

ಕಲ್ಯಾಣ ಮಂಟಪದ ಕೈತೊಳೆಯುವ ಜಾಗದಲ್ಲಿ ನಿಂತು, ಮೊಮ್ಮಗಳ ಪೀಡೆ ತಾಳಲಾರದೆ, ಗೌರಮ್ಮ ನಲವತ್ತು ವರ್ಷ ಯಾರಿಗೂ ಹೇಳದಿದ್ದನ್ನು ಹೇಳಿದಳು.

ಗೌರಮ್ಮ ದಬ್ಬೇಘಟ್ಟದ ಮಗಳು, ಶೆಟ್ಟಿಕೆರೆಯ ಸೊಸೆ. ಕೆಂಚಪ್ಪನ ಕೈಹಿಡಿದು ಆ ಮನೆ ಹೊಕ್ಕಾಗ ಅಲ್ಲಿ ಕೆಂಚಪ್ಪನ ಅಣ್ಣನ ಹೆಂಡತಿ ಕೆಂಪಕ್ಕ ಎಂಟು ವರ್ಷದಿಂದ ಒಲೆ ಊದುತ್ತಿದ್ದಳು. ಓರಗಿತ್ತಿಯರು ಎಂದರೆ ಹಾವು ಮುಂಗುಸಿ ಎಂದೇ ಊರಿನ ಲೆಕ್ಕ. ಇವರಿಬ್ಬರು ಆ ಲೆಕ್ಕ ತಪ್ಪಿಸಿದರು. ಒಂದೇ ತಟ್ಟೆಯಲ್ಲಿ ಉಂಡರು. ಒಬ್ಬಳ ತಲೆ ಇನ್ನೊಬ್ಬಳು ಬಾಚಿದಳು. ಅತ್ತೆ ಬೈದರೆ ಬೈಗುಳವನ್ನೂ ಸಮನಾಗಿ ಹಂಚಿಕೊಂಡರು.

ಅವರು ಬೆಳಗಿನಿಂದ ಸಂಜೆಯವರೆಗೆ ಎದುರುಬದುರು ಕೂರುತ್ತಿದ್ದದ್ದು ಕೊಬ್ಬರಿ ರಾಶಿಗೆ. ತೋಟದಿಂದ ಇಳಿಸಿದ ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿದ್ದಿರುತ್ತದೆ. ಒಳಗಿನ ನೀರು ಹಿಂಗುತ್ತದೆ, ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಸಿಪ್ಪೆ ಸುಲಿದು, ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಒಳಗೆ ಲೊಟ ಲೊಟ ಎನ್ನುತ್ತದೆ. ಕುಲುಕಿ ಹದ ನೋಡುವವಳು ಕೆಂಪಕ್ಕ, ಕತ್ತಿಯಿಂದ ನಾಲ್ಕು ಏಟು ಹಾಕಿ ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವವಳು ಗೌರಮ್ಮ. ಈ ಕೆಲಸದ ಬೇಸರ ಕಳೆಯಲು ಇಬ್ಬರೂ ಸೇರಿ ಕಟ್ಟಿದ್ದು ಆ ಹಾಡು. ಕೆಂಪಕ್ಕ ಕಾಯನ್ನು ಕುಲುಕಿ ಕೇಳುತ್ತಿದ್ದಳು:

ಅಟ್ಟದ ಮೇಲಿರೋಳೇ, ವರುಷ ಕಾಯೋಳೇ,
ಯಾರನ್ನ ಕರಿತೀಯೇ?

ಗೌರಮ್ಮ ಕತ್ತಿಯ ನಾಲ್ಕು ಏಟಿಗೆ ಸರಿಯಾಗಿ ಕಾಯಿಯ ಪರವಾಗಿ ಹೇಳುತ್ತಿದ್ದಳು:

ಕಿವಿಗೊಟ್ಟು ಕೇಳೋಳೇ, ಕೈಯಾರ ಎತ್ತೋಳೇ,
ನಿನ್ನನ್ನೇ ಕರಿತೀನೇ.

ಮತ್ತೆ ಕೆಂಪಕ್ಕ:

ನೀರೆಲ್ಲ ಹಿಂಗ್ದೋಳೇ, ಸಣ್ಣಾಗಿ ಹೋದೋಳೇ,
ಏನನ್ನ ಉಳ್ಸೀಯೇ?

ಮತ್ತೆ ಗೌರಮ್ಮ:

ಒಡೆದು ನೋಡೋಳೇ, ಬಾಯಿಗೆ ಹಾಕೋಳೇ,
ಸೀಯೆಲ್ಲ ಉಳ್ಸೀನೇ.

ಹೀಗೇ ಸಾಗುತ್ತಿತ್ತು, ರಾಶಿ ಕರಗುವವರೆಗೆ. ರಾಶಿಯ ಮುಂದೆ ಹಾಡುವ ಹಾಡಿಗೆಲ್ಲ ಹಿಂದಿನಿಂದ ಒಂದು ಕಟ್ಟಳೆಯೂ ಇತ್ತು. ಕೇಳಿದವಳೇ ಹೇಳಬಾರದು. ಹೇಳಿದರೆ ಕೊಬ್ಬರಿ ಕೌಟಾಗುತ್ತದೆ, ಎಣ್ಣೆ ಕಮಟು ಹೊಡೆಯುತ್ತದೆ ಎಂದು ಕೆಂಪಕ್ಕನ ಅತ್ತೆಯ ಅತ್ತೆಯೇ ಹೇಳಿದ್ದಳಂತೆ. ನಿಜವೋ ಸುಳ್ಳೋ, ಕೊಬ್ಬರಿ ಕೈಯಲ್ಲಿದ್ದಾಗ ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿರುತ್ತದೆ?

ಗೌರಮ್ಮನಿಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಹೆರಿಗೆಗೆಂದು ತವರಿಗೆ ಹೋದಳು. ಅವಳು ಬಾಣಂತಿ ಕೋಣೆಯಲ್ಲಿದ್ದಾಗಲೇ ಪೇಟೆಯ ಕಡೆಯವರೊಬ್ಬರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಾಡು ಹುಡುಕಿಕೊಂಡು ಶೆಟ್ಟಿಕೆರೆಗೆ ಬಂದಿದ್ದರು. ಐದು ತಿಂಗಳ ಮೇಲೆ ಮಗುವನ್ನು ಎತ್ತಿಕೊಂಡು ಗೌರಮ್ಮ ವಾಪಸ್ಸು ಬಂದಳು. ಬಸ್ಸು ಇಳಿದಾಗ ಎದುರಿನ ಟೀ ಅಂಗಡಿಯಲ್ಲಿ ಹೊಸ ಕ್ಯಾಸೆಟ್ಟು. ಕೆಂಪಕ್ಕನ ಗಂಟಲು. 'ಯಾರನ್ನ ಕರಿತೀಯೇ?' ಗೌರಮ್ಮ ನಿಂತಲ್ಲೇ ಹಿಗ್ಗಿ ಉತ್ತರಕ್ಕೆ ಕಾದಳು. ಉತ್ತರ ಬರಲಿಲ್ಲ. ಟಕ್ ಟಕ್ ಟಕ್ ಟಕ್ ಎಂದು ಕತ್ತಿಯ ನಾಲ್ಕು ಏಟು, ತಕ್ಷಣ ಮುಂದಿನ ಪ್ರಶ್ನೆ. ಅವಳು ಅಷ್ಟಕ್ಕೇ ಕಿವಿ ಮುಚ್ಚಿಕೊಂಡು ಮನೆಗೆ ನಡೆದಳು.

ಗೌರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಮುಚ್ಚಿಟ್ಟು ಹೇಳಿ ಏನು ಪ್ರಯೋಜನ? ಮಗುವನ್ನು ಇಳಿಸುವ ಮೊದಲೇ, ರಾಶಿಗೆ ಕೂತಿದ್ದ ಏಳೆಂಟು ಹೆಂಗಸರ ಮುಂದೆ, ಕೂಗಿದಳು: "ಹೆಸರು ಮಾಡ್ಕಳಕೆ ನನ್ನ ಪಾಲು ನುಂಗ್ಬುಟ್ಯಲ್ಲಕ್ಕ! ನನ್ನ ಪಾಲೆಲ್ಲಿ?"

ಕೆಂಪಕ್ಕ ಇನ್ನೂ ಬಿಗಿ. ನಾಲ್ಕು ಜನರ ಮುಂದೆ ಅನ್ನಿಸಿಕೊಂಡರೆ ವಿವರ ಕೊಡುವ ಪೈಕಿಯಲ್ಲ. ಒಂದೇ ಮಾತು ಹೇಳಿ ಕಾಯಿ ಎತ್ತಿಕೊಂಡಳು. "ನೀನಿರ್ನಿಲ್ವಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತನ್ನು ಗೌರಮ್ಮ 'ನೀನಿಲ್ಲದಿದ್ದರೂ ನಡೆಯುತ್ತದೆ' ಎಂದು ಕೇಳಿಸಿಕೊಂಡಳು. ವರ್ಷ ತುಂಬುವುದರೊಳಗೆ ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಾಯಿತು. ಗಂಡುಮಕ್ಕಳಿಲ್ಲದ ತವರಿನ ತೋಟ ನೋಡಿಕೊಳ್ಳಲು ಗೌರಮ್ಮ ಗಂಡನನ್ನು ಕರೆದುಕೊಂಡು ದಬ್ಬೇಘಟ್ಟಕ್ಕೆ ಬಂದುಬಿಟ್ಟಳು. ಹಸು ಕಟ್ಟಿದಳು, ಡೈರಿಗೆ ಹಾಲು ಹಾಕಿದಳು, ಮೂರು ಮಕ್ಕಳ ಮದುವೆ ಮಾಡಿದಳು. ಕೊಬ್ಬರಿ ಒಡೆಯುವುದನ್ನು ಬಿಡಲಿಲ್ಲ, ಆದರೆ ತುಟಿಪಿಟಕ್ಕೆನ್ನದೆ ಒಡೆದಳು. ಮದುವೆ, ಸಾವುಗಳಲ್ಲಿ ಕೆಂಪಕ್ಕ ಎದುರಾದರೆ "ಊಟ ಆಯ್ತಾ", "ಆಯ್ತು", ಮುಗಿಯಿತು. ಎರಡು ವರ್ಷದ ಹಿಂದೆ ಯಾರೋ, ಕೆಂಪಕ್ಕನಿಗೆ ಕಿವಿ ಮಂದವಾಗಿದೆಯಂತೆ ಎಂದಾಗ ಗೌರಮ್ಮ, "ಮೊದ್ಲಾದ್ರೂ ಯಾರ್ ಮಾತು ಕೇಳ್ತಿದ್ಲು" ಎಂದಿದ್ದಳು. ಅಂದು ರಾತ್ರಿ ಊಟ ಮಾತ್ರ ಸೇರಲಿಲ್ಲ.

ಇಷ್ಟನ್ನು ಕೇಳಿದ ಭವ್ಯಶ್ರೀ ಮೊಬೈಲಿನಲ್ಲಿ ಒಂದು ಮಾತು ಹಾಕಿದಳು: 'ನಾವೆಲ್ಲ ಕುಣಿಯುತ್ತಿರುವುದು ಅರ್ಧ ಹಾಡಿಗೆ. ಶೆಟ್ಟಿಕೆರೆಯ ಆ ಹಳೆಯ ಕ್ಯಾಸೆಟ್ಟು ಯಾರ ಬಳಿಯಾದರೂ ಇದೆಯೇ?' ನಾಲ್ಕನೆಯ ದಿನ ತಿಪಟೂರು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇಮ್ದಾದ್ ಉತ್ತರಿಸಿದ. ಅವನ ತಂದೆ ಅಬ್ದುಲ್ ಖಾದರ್ ಅದೇ ಅಂಗಡಿಯಲ್ಲಿ ಹಿಂದೆ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದವರು. ರೆಕಾರ್ಡು ಮಾಡಿದ ಆ ಪೇಟೆಯವರು ಊರಿಗೆ ಹೋಗುವ ಮುನ್ನ ಟೇಪಿನ ಇನ್ನೊಂದು ಪ್ರತಿ ಮಾಡಿಸಿದ್ದು ಅವರಲ್ಲೇ. ಕೈಗೆ ಬಂದ ಟೇಪಿಗೆಲ್ಲ ತಮಗೊಂದು ಪ್ರತಿ ಇಟ್ಟುಕೊಳ್ಳುವ ಚಾಳಿ ಖಾದರ್ ಸಾಹೇಬರಿಗಿತ್ತು.

"ಅಂಗಡಿ ಕ್ಯಾಸೆಟ್ ಅಲ್ಲ ಸಿಸ್ಟರ್, ಕತ್ತರಿ ಬೀಳೋಕೆ ಮುಂಚಿನ ಪೂರ್ತಿ ಟೇಪು. ಅದ್ರಲ್ಲಿ ಮಾತೂ ಇದೆ. ನಿಮ್ಮಜ್ಜೀನ ಕರ್ಕೊಂಡೇ ಬನ್ನಿ" ಎಂದ ಇಮ್ದಾದ್.

ಗೌರಮ್ಮ ಸುಲಭಕ್ಕೆ ಹೊರಡಲಿಲ್ಲ. ಬರುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದಳು. ಹಸುವಿಗೆ ಮೇವು ಹಾಕುವವರಾರು ಎಂದಳು. ಮೇವು ನಾನು ಹಾಕುತ್ತೇನೆ ಎಂದು ಕೆಂಚಪ್ಪ ಜಗುಲಿಯಿಂದಲೇ ಹೇಳಿ ಆ ದಾರಿಯನ್ನೂ ಮುಚ್ಚಿದ. ಕೊನೆಗೆ ಬುಧವಾರ ಬೆಳಿಗ್ಗೆ ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು, ಒಂದು ಷರತ್ತಿನ ಮೇಲೆ: "ಅವಳ ಗಂಟ್ಲು ಕೇಳಿ ನನಗೆ ಸಿಟ್ಟು ಬಂದ್ರೆ ಅಲ್ಲಿಂದ್ಲೇ ಎದ್ದು ಬತ್ತೀನಿ, ನೀನು ಕೈ ಹಿಡ್ಕಂಡು ಎಳೀಬಾರ್ದು."

ಇಮ್ದಾದ್ ಒಳಗಿನಿಂದ ಕುರ್ಚಿ ತಂದು ಹಾಕಿದ. ತಂದೆಯ ಕಾಲದ ಟೇಪ್ ರೆಕಾರ್ಡರನ್ನು ಒರೆಸಿ ಸಜ್ಜು ಮಾಡಿಟ್ಟಿದ್ದ. ಗುಂಡಿ ಒತ್ತಿದ. ಮೊದಲು ಸುಮ್ಮನೆ ಸುಯ್ ಎನ್ನುವ ಸದ್ದು, ದೂರದಲ್ಲೊಂದು ಕರುವಿನ ಕೂಗು. ಶೆಟ್ಟಿಕೆರೆ ಮನೆಯ ಕರು. ಗೌರಮ್ಮನಿಗೆ ಅದರ ಬಣ್ಣವೂ ನೆನಪಾಯಿತು. ಆಮೇಲೆ ಮೂವತ್ತೆರಡು ವರ್ಷದ ಕೆಂಪಕ್ಕ ಹಾಡಿದಳು. 'ಯಾರನ್ನ ಕರಿತೀಯೇ?' ಹಾಡು ನಿಂತಿತು.

ಒಬ್ಬ ಗಂಡಸಿನ ದನಿ: "ಯಾಕಮ್ಮಾ ನಿಲ್ಲಿಸಿಬಿಟ್ಟಿರಿ? ಮುಂದಿನದು ಹಾಡಿ."

ಕೆಂಪಕ್ಕನ ದನಿ: "ಮುಂದಿಂದು ನಂದಲ್ಲ ಕಣ್ರೀ. ಗೌರೀದು. ಹೆರಿಗೆಗೆ ಹೋಗವ್ಳೆ."

"ನಿಮಗೆ ಬರುತ್ತಲ್ಲ, ನೀವೇ ಹಾಡಿಬಿಡಿ."

"ಬತ್ತದೆ. ಬಂದ್ರೆ ಆಯ್ತಾ? ಕೇಳ್ದೋಳೇ ಹೇಳ್ಬಾರ್ದು ನಮ್ಮಲ್ಲಿ. ಅವಳ ಜಾಗ ಬುಟ್ಟು ಹಾಡ್ತೀನಿ, ನಾಕು ಏಟು ಬುಡ್ತೀನಿ. ಅವಳು ಬಂದ್ಮ್ಯಾಲೆ ನೀವು ಇನ್ನೊಂದ್ಸಲ ಬರ್ಬೇಕು, ತಿಳೀತಾ? ಅವಳ್ದು ತುಂಬುಸ್ಕಂಡು ಹೋಗ್ಬೇಕು. ಅರ್ಧ ತಗಂಡೋಗಿ ಪೂರ್ತಿ ಅನ್ಬಾರ್ದು."

"ಆಗಲಿ, ಬರ್ತೀನಮ್ಮ" ಎಂದಿತು ಗಂಡಸಿನ ದನಿ. ಬರಲಿಲ್ಲ ಎನ್ನುವುದು ಈಗ ನಾಡಿಗೆಲ್ಲ ಗೊತ್ತಿದೆ, ಗೊತ್ತಿಲ್ಲದೆಯೇ ಗೊತ್ತಿದೆ.

ಟೇಪು ಓಡುತ್ತಿತ್ತು. ಪ್ರಶ್ನೆ, ನಾಲ್ಕು ಏಟು. ಪ್ರಶ್ನೆ, ನಾಲ್ಕು ಏಟು. ಗೌರಮ್ಮ ಕೈಬೆರಳಿಂದ ಮೊಣಕಾಲ ಮೇಲೆ ಏಟು ಎಣಿಸುತ್ತಿದ್ದಳು. ಅವಳಿಗೆ ಗೊತ್ತಿದ್ದ ಪ್ರಶ್ನೆಗಳೆಲ್ಲ ಮುಗಿದವು. ಆದರೆ ಹಾಡು ಮುಗಿಯಲಿಲ್ಲ. ಕೆಂಪಕ್ಕ ಉಸಿರೆಳೆದುಕೊಂಡು ಇನ್ನೊಂದನ್ನು ಹಾಡಿದಳು:

ತವರಿಗೆ ಹೋದೋಳೇ, ತೊಟ್ಟಿಲು ತೂಗೋಳೇ,
ಯಾವತ್ತು ಬತ್ತೀಯೇ?

ಭವ್ಯಶ್ರೀ ಎದ್ದು ನಿಂತುಬಿಟ್ಟಳು. ಯಾಕೆಂದರೆ ಸಿನಿಮಾದ ಹಾಡಿನಲ್ಲಿ ಎಲ್ಲಕ್ಕಿಂತ ಹೆಸರಾದ ಸಾಲು ಅದು. 'ಟೌನಿಗೆ ಹೋದೋಳೇ, ಟೈಮಿಲ್ಲ ಅನ್ನೋಳೇ, ಯಾವತ್ತು ಬತ್ತೀಯೇ?' ಹುಡುಗರ ಟೀ ಶರ್ಟಿನ ಮೇಲೆ, ಲಾರಿಗಳ ಹಿಂದೆ ಇರುವ ಸಾಲು. ಸಿನಿಮಾದವರು ಸೇರಿಸಿದ್ದೆಂದೇ ಗೌರಮ್ಮ ಇಷ್ಟು ದಿನ ತಿಳಿದಿದ್ದಳು. ಅವರಿಬ್ಬರು ಕಟ್ಟಿದ ಹಾಡಿನಲ್ಲಿ ಅದು ಇರಲಿಲ್ಲ. ಆ ದಿನ, ರಾಶಿಯ ಮುಂದೆ ಒಬ್ಬಳೇ ಕೂತು, ಕೆಂಪಕ್ಕ ಕಟ್ಟಿದ್ದು. ಕಾಯಿಯನ್ನು ಕೇಳಿದ್ದಲ್ಲ. ಗೌರಿಯನ್ನು ಕೇಳಿದ್ದು.

"ಅಜ್ಜಿ, ತೊಟ್ಟಿಲಲ್ಲಿ ಇದ್ದಿದ್ದು..."

"ನಿಮ್ಮಮ್ಮ ಕಣೇ" ಎಂದಳು ಗೌರಮ್ಮ. ನಲವತ್ತು ವರ್ಷ ಸಿಟ್ಟು ಸಾಕಿದ ಹೆಂಗಸು ಬಸ್ ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಯಲ್ಲಿ, ಚಾರ್ಜರುಗಳ ನಡುವೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇಮ್ದಾದ್ ಗಿರಾಕಿಗಳನ್ನು ಹೊರಗೇ ನಿಲ್ಲಿಸಿ ಟೀ ತರಿಸಿದ. ಟೀ ಕುಡಿದು ಲೋಟ ಕೆಳಗಿಟ್ಟು, ಅವನ ತಲೆ ಮುಟ್ಟಿ, "ನಿಮ್ಮಪ್ಪ ಒಳ್ಳೆ ಕಳ್ಳ ಕಣಪ್ಪ. ಚೆನ್ನಾಗಿರು" ಎಂದು ಹೇಳಿ ಗೌರಮ್ಮ ಎದ್ದಳು. ಊರಿಗೆ ಹೋಗುವ ತುರುವೇಕೆರೆ ಬಸ್ಸಿನ ಕಡೆ ಹೋಗಲಿಲ್ಲ. ಶೆಟ್ಟಿಕೆರೆ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಅವಳಿಗಿದ್ದ ಯೋಚನೆ ಒಂದೇ. ಕ್ಷಮಿಸು ಎಂದು ಹೇಳಬೇಕೇ? ಅದು ಅವರ ಮನೆಯಲ್ಲಿ ಬಳಕೆಯಲ್ಲಿದ್ದ ಮಾತಲ್ಲ. ಉತ್ತರ ಹೇಳಬೇಕು, ಅಷ್ಟೇ. ಆದರೆ ಆ ಕೊನೆಯ ಪ್ರಶ್ನೆಗೆ ಉತ್ತರವನ್ನು ಅವಳು ಯಾವತ್ತೂ ಕಟ್ಟಿರಲಿಲ್ಲ.

ಕೆಂಪಕ್ಕ ಹಳೆಯ ಮನೆಯ ಅಂಗಳದಲ್ಲೇ ಇದ್ದಳು. ಒಳಗೆ ಮಗ, ಸೊಸೆ, ಓಡಾಡುವ ಮೊಮ್ಮಕ್ಕಳು. ಎಪ್ಪತ್ತೆರಡರ ಕೆಂಪಕ್ಕ ಗೋಣಿಚೀಲದ ಮೇಲೆ ಕೂತು, ಸುಲಿದ ಕಾಯಿ ರಾಶಿಯ ಮುಂದೆ, ಒಂದೊಂದನ್ನೇ ಎತ್ತಿ ಕುಲುಕುತ್ತಿದ್ದಳು. ಕಿವಿಯ ಹತ್ತಿರ ಅಲ್ಲ. ಎರಡು ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿಕೊಂಡು.

"ಅಕ್ಕಾ" ಎಂದಳು ಗೌರಮ್ಮ. ಕೆಂಪಕ್ಕ ತಿರುಗಲಿಲ್ಲ. "ಅಕ್ಕಾ!" ಎಂದು ಕೂಗಿದಳು. ಅದಕ್ಕೂ ಇಲ್ಲ.

ಸೊಸೆ ಗಿರಿಜಾಂಬಿಕಾ ಬಾಗಿಲಿಗೆ ಬಂದಳು. "ಕಿವಿ ಪೂರ್ತಿ ಹೋಗ್ಬುಟ್ಟೈತೆ ಚಿಕ್ಕತ್ತೆ. ಮಿಷನ್ನು ಕೊಡ್ಸಿದ್ವಿ, ಗುಯ್ ಅಂತೈತೆ ಅಂತ ಗೂಡಲ್ಲಿ ಮಡಗವ್ರೆ. ಕಾಯಿ ಹದ ಅಂಗೈಯಲ್ಲೇ ನೋಡ್ತಾರೆ. ಇವತ್ತಿನವರ್ಗೂ ಒಂದೂ ತಪ್ಪಿಲ್ಲ."

ನಲವತ್ತು ವರ್ಷ ಹಿಡಿದಿಟ್ಟುಕೊಂಡಿದ್ದ ಉತ್ತರವನ್ನು ಹೇಳೋಣವೆಂದು ಬಂದರೆ ಕೇಳುವ ಕಿವಿಯೇ ಇಲ್ಲ. ಎರಡು ವರ್ಷದ ಹಿಂದೆ, ಮಂದ ಎಂದಾಗಲಾದರೂ ಬರಬಹುದಿತ್ತು. ಅಂಥ ಬುದ್ಧಿಯನ್ನು ದೇವರು ಯಾಕೆ ತಡಮಾಡಿ ಕೊಡುತ್ತಾನೋ!

ಗೌರಮ್ಮ ಹೋಗಿ ರಾಶಿಯ ಆ ಬದಿಗೆ, ತನ್ನ ಹಳೆಯ ಜಾಗದಲ್ಲಿ, ಎದುರಿಗೆ ಕೂತಳು. ಕೆಂಪಕ್ಕ ಕಣ್ಣು ಬಿಟ್ಟಳು. ಗೌರಮ್ಮ ಅಲ್ಲಿ ಬಿದ್ದಿದ್ದ ಕತ್ತಿಯನ್ನು ಕೈಗೆತ್ತಿಕೊಂಡಿದ್ದನ್ನು ನೋಡಿದಳು. ಹಿಂದೆ ಮೊಬೈಲು ಹಿಡಿದು ನಿಂತಿದ್ದ ಭವ್ಯಶ್ರೀಯನ್ನು ನೋಡಿದಳು.

"ರೆಕಾರ್ಡು ಮಾಡಕೆ ಬಂದ್ರಾ?" ಎಂದಳು, ಕಿವುಡರ ದೊಡ್ಡ ದನಿಯಲ್ಲಿ. "ಬತ್ತೀನಿ ಅಂದೋನು ಎಲ್ಲಿ ಹಾಳಾಗಿ ಹೋದ? ಈಗ ಇಬ್ರೂ ಇದೀವಿ. ಹಿಡಿ ಮಗಾ, ಹಿಡಿ."

ಹೀಗೆಂದವಳೇ ಒಂದು ಕಾಯಿ ಎತ್ತಿ, ಕುಲುಕಿ, ಗೌರಮ್ಮನ ಕೈಗೆ ಕೊಟ್ಟಳು. ದನಿ ಸೀಳಿಹೋಗಿತ್ತು, ಲಯ ಒಂದಿಷ್ಟೂ ಅಲುಗಿರಲಿಲ್ಲ. 'ಅಟ್ಟದ ಮೇಲಿರೋಳೇ, ವರುಷ ಕಾಯೋಳೇ...' ಗೌರಮ್ಮ ಕತ್ತಿಯ ಏಟಿಗೆ ಉತ್ತರ ಹೇಳಿದಳು. ಕೆಂಪಕ್ಕನಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಆದರೂ ಉತ್ತರ ಮುಗಿಯುವವರೆಗೆ ಕಾದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಮುಂದಿನ ಪ್ರಶ್ನೆ ಎತ್ತಿದಳು. ನಲವತ್ತು ವರ್ಷ ಅದೇ ಜಾಗ ಬಿಟ್ಟು ಹಾಡಿಕೊಂಡಿದ್ದವಳಿಗೆ ಅದರ ಅಳತೆ ತಪ್ಪುವುದು ಹೇಗೆ?

ಎಲ್ಲ ಮುಗಿದು ಆ ಕೊನೆಯದು ಬಂತು. 'ತವರಿಗೆ ಹೋದೋಳೇ, ತೊಟ್ಟಿಲು ತೂಗೋಳೇ, ಯಾವತ್ತು ಬತ್ತೀಯೇ?' ಹಾಡಿ ನಿಲ್ಲಿಸಿದ ಕೆಂಪಕ್ಕ ಈ ಸಲ ಇನ್ನೊಂದು ಕಾಯಿಗೆ ಕೈ ಹಾಕಲಿಲ್ಲ. ಮುಂದಕ್ಕೆ ಬಾಗಿ, ಕಾಯಿ ಹದ ನೋಡುವ ತನ್ನ ಅಂಗೈಯನ್ನು ಗೌರಮ್ಮನ ಗಂಟಲ ಮೇಲಿಟ್ಟು ಕಣ್ಣು ಮುಚ್ಚಿದಳು.

ಗೌರಮ್ಮ ಕತ್ತಿ ಕೆಳಗಿಟ್ಟಳು. ಉತ್ತರ ತಾನಾಗಿ ಬಂತು:

ದಾರಿಯ ಕಾದೋಳೇ, ಜಾಗವ ಬುಟ್ಟೋಳೇ,
ಈವತ್ತು ಬಂದೀನೇ.

ಕೆಂಪಕ್ಕನ ಮುಚ್ಚಿದ ಕಣ್ಣುಗಳಿಂದ ನೀರಿಳಿಯಿತು. ಅಂಗೈ ತೆಗೆಯಲಿಲ್ಲ.

"ಸರ್ಯಾಗಿ ಸಿಗ್ನಿಲ್ಲ ಕಣೇ ಗೌರಿ" ಎಂದಳು. "ಇನ್ನೊಂದ್ಸಲ ಹೇಳು."

ಗೌರಮ್ಮ ಇನ್ನೊಂದು ಸಲ ಹೇಳಿದಳು.